ಗಿರಣಿ ಊರಿನವರಿಗೆ ಫುಟ್‌ಬಾಲ್ ಪುಸ್ತಕಗಳು

ಕೊಯಮತ್ತೂರು, ತಿರುಪ್ಪೂರು ಕಡೆ ನೆಲೆಸಿರುವ ಕನ್ನಡದ ಮನೆಗಳಲ್ಲೂ ಈಗ ಮಕ್ಕಳು ನಿದ್ದೆಗೆಟ್ಟು ಯುರೋಪಿನ ಲೀಗ್ ಪಂದ್ಯ ನೋಡುತ್ತಾರೆ. ಈ ಆಟ ಇವತ್ತಿನ ರೂಪಕ್ಕೆ ಹೇಗೆ ಬಂತು ಎಂದು ತಿಳಿಯುವ ಆಸೆ ಅವರಲ್ಲಿ ಹುಟ್ಟಿದರೆ ಪುಸ್ತಕ ಕೊಡಿ. ಆದರೆ ಪಟ್ಟಿಯಲ್ಲಿನ ಅತಿ ದಪ್ಪ ಪುಸ್ತಕವನ್ನು ಮೊದಲೇ ಕೈಗಿಟ್ಟರೆ ಅದು ಕಪಾಟಿನಲ್ಲೇ ಉಳಿಯುತ್ತದೆ. ಓದಿಗೊಂದು ಸರದಿ ಬೇಕು.

ಮೊದಲು ಊರಿನ ಪಂದ್ಯದಿಂದಲೇ ಶುರು ಮಾಡಿ. 2019ರ ಮಾರ್ಚ್ 9ರಂದು ಕೊಯಮತ್ತೂರಿನ ನೆಹರೂ ಕ್ರೀಡಾಂಗಣದಲ್ಲಿ ಚೆನ್ನೈ ಸಿಟಿ ತಂಡ ಮಿನರ್ವ ಪಂಜಾಬ್ ಎದುರು ಹಿಂದೆ ಬಿದ್ದು, ಕೊನೆಗೆ 3-1ರಿಂದ ಗೆದ್ದು ಐ-ಲೀಗ್ ಪಟ್ಟ ಹಿಡಿಯಿತು. ಈಸ್ಟ್ ಬೆಂಗಾಲ್‌ಗಿಂತ ಒಂದೇ ಅಂಕ ಹೆಚ್ಚು. ರಕ್ಷಣೆಯ ಆಟಗಾರ ಗೌರವ್ ಬೋರಾ ಎರಡು ಗೋಲು ಹೊಡೆದರು. ಇದರ ದೃಶ್ಯತುಣುಕು ನೋಡಿ, ಗೋಲಿಗೆ ಮುನ್ನ ಯಾರು ಎಲ್ಲಿ ನಿಂತಿದ್ದರು ಎಂದು ಬರೆದಿಡಲು ಹೇಳಿ. ಆ ಹಾಳೆ ಮುಂದೆ ಬೇಕಾಗುತ್ತದೆ.

ಎರಡನೆಯದಾಗಿ ನೋವಿ ಕಪಾಡಿಯಾ ಅವರ ‘ಬೇರ್‌ಫುಟ್ ಟು ಬೂಟ್ಸ್’ (2017). ಭಾರತದ ಫುಟ್‌ಬಾಲ್ ಚರಿತ್ರೆಗೆ ನಾನು ಮೊದಲು ಸೂಚಿಸುವ ಪುಸ್ತಕ ಇದೇ. ಓದುವಾಗ 1948ರ ಲಂಡನ್ ಒಲಿಂಪಿಕ್ಸನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಬಹುಪಾಲು ಬರಿಗಾಲಲ್ಲೇ ಆಡಿದ ಭಾರತ ಫ್ರಾನ್ಸಿಗೆ 1-2ರಿಂದ ಸೋತಿತು, ಎರಡು ಪೆನಾಲ್ಟಿಗಳನ್ನೂ ಕಳೆದುಕೊಂಡಿತು. ಭಾರತದ ಆ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಕನ್ನಡ ಓದುಗರಿಗೆ ಈ ಹೆಸರು ಇನ್ನೂ ಹೆಚ್ಚು ಪರಿಚಿತವಾಗಬೇಕಿತ್ತು.

ಮೂರನೆಯದು ಜಗತ್ತಿನ ಚರಿತ್ರೆ: ಡೇವಿಡ್ ಗೋಲ್ಡ್‌ಬ್ಲಾಟ್ ಅವರ ‘ದ ಬಾಲ್ ಈಸ್ ರೌಂಡ್’ (2006). ಒಂಬೈನೂರಕ್ಕೂ ಹೆಚ್ಚು ಪುಟ, ಪೂರ್ತಿ ಓದುವ ಹಟ ಬೇಡ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಭಾಗವನ್ನು ಮಾತ್ರ ಈಗ ಓದಿ. ನೂಲು, ಮಗ್ಗ, ಪಾಳಿ ಬಲ್ಲ ನಮ್ಮ ಈ ಜಿಲ್ಲೆಗಳ ಮನೆಗಳಿಗೆ ಅದು ಬೇಗ ಒಗ್ಗುತ್ತದೆ. 1850ರ ಕಾರ್ಖಾನೆ ಕಾಯ್ದೆ ಹೆಂಗಸರು ಮತ್ತು ಎಳೆಯರ ಶನಿವಾರದ ದುಡಿಮೆಯನ್ನು ಮಧ್ಯಾಹ್ನ ಎರಡಕ್ಕೆ ನಿಲ್ಲಿಸಿತು. ಕ್ರಮೇಣ ಇಡೀ ಗಿರಣಿಯೇ ಆ ಹೊತ್ತಿಗೆ ನಿಲ್ಲತೊಡಗಿತು. ಆಡಲು, ನೋಡಲು ಬಿಡುವು ಸಿಕ್ಕಿತು. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ ಪಂದ್ಯದ ಹೊತ್ತಾದದ್ದಕ್ಕೆ ಬೇರು ಅಲ್ಲಿದೆ. 1883ರಲ್ಲಿ ನೇಕಾರರು, ಕಬ್ಬಿಣದ ಕೆಲಸಗಾರರಿದ್ದ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ತಂಡ ಶ್ರೀಮಂತ ಶಾಲೆಯ ಹಳೆಯ ವಿದ್ಯಾರ್ಥಿಗಳ ಓಲ್ಡ್ ಈಟೋನಿಯನ್ಸನ್ನು 2-1ರಿಂದ ಸೋಲಿಸಿ ಎಫ್‌ಎ ಕಪ್ ಗೆದ್ದಿತು. ಮಗ್ಗದ ಮನೆಯ ಮಗುವಿಗೆ ಈ ಕಥೆಯನ್ನು ತಪ್ಪದೆ ಹೇಳಿ.

ಇನ್ನು ತಂತ್ರ. ಜೊನಾಥನ್ ವಿಲ್ಸನ್ ಅವರ ‘ಇನ್ವರ್ಟಿಂಗ್ ದ ಪಿರಮಿಡ್’ (2008) ಇಲ್ಲಿ ಮುಖ್ಯ. ಪೆನ್ಸಿಲ್, ಹನ್ನೊಂದು ಗುಂಡಿಗಳು ಪಕ್ಕದಲ್ಲಿರಲಿ; ಪುಸ್ತಕ ಹೇಳುವ ಪ್ರತಿ ವ್ಯೂಹವನ್ನೂ ನೆಲದ ಮೇಲೆ ಜೋಡಿಸುತ್ತ ಓದಿ. ಮೊದಲು 2-3-5, ಅಂದರೆ ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು. ಆಮೇಲೆ 1925ರ ಆಫ್‌ಸೈಡ್ ಬದಲಾವಣೆ: ಮುನ್ನಡೆಯ ಆಟಗಾರನಿಗೂ ಗೋಲಿಗೂ ನಡುವೆ ಇರಬೇಕಾದ ಎದುರಾಳಿಗಳು ಮೂವರಿಂದ ಇಬ್ಬರಿಗಿಳಿದರು. ಗೋಲುಗಳ ಸುರಿಮಳೆಯಾಯಿತು. ಆರ್ಸೆನಲ್‌ನ ಹರ್ಬರ್ಟ್ ಚಾಪ್‌ಮನ್ ನಡುವಿನ ಆಟಗಾರನನ್ನು ಹಿಂದಕ್ಕೆಳೆದು ರಕ್ಷಣೆಗೆ ಮೂವರನ್ನು ನಿಲ್ಲಿಸಿದರು. 1953ರಲ್ಲಿ ವೆಂಬ್ಲಿಯಲ್ಲಿ ಹಂಗೇರಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿದ್ದು ಏಕೆಂದು ಗುಂಡಿ ಸರಿಸಿದಾಗ ತಿಳಿಯುತ್ತದೆ: ಮುಂದಿರಬೇಕಾದ ಹಂಗೇರಿಯ ಹಿಡೆಗ್‌ಕುಟಿ ಹಿಂದೆ ಸರಿದು ನಿಂತಾಗ, ಕಾಯುವವನು ಬೆನ್ನು ಹತ್ತಿದರೆ ಹಿಂದೆ ಬಯಲು, ನಿಂತರೆ ಮುಂದೆ ಬಯಲು. ಈಗ ಊರಿನ ಪಂದ್ಯದ ಆ ಹಾಳೆ ತೆಗೆದು ಮತ್ತೆ ನೋಡಿಸಿ.

ಸಂಸ್ಕೃತಿಯ ಪುಸ್ತಕಗಳಿಗೆ ಕ್ರಮ ಬೇಡ. ಉರುಗ್ವೆಯ ಎಡ್ವಾರ್ಡೊ ಗಲಿಯಾನೊ ಅವರ ‘ಸಾಕರ್ ಇನ್ ಸನ್ ಅಂಡ್ ಶ್ಯಾಡೋ’ದಲ್ಲಿ ಚಿಕ್ಕ ಚಿಕ್ಕ ಅಧ್ಯಾಯಗಳಿವೆ, ಇಂಗ್ಲಿಷಿಗೆ ಅಂಜುವವರು ದಿನಕ್ಕೊಂದರಂತೆ ಓದಬಹುದು. ಅಭಿಮಾನಿಯ ಮನಸ್ಸು ಅರಿಯಲು ನಿಕ್ ಹಾರ್ನ್‌ಬಿ ಅವರ ‘ಫೀವರ್ ಪಿಚ್’ (1992), ಡಚ್ಚರ ಆಟಕ್ಕೆ ಡೇವಿಡ್ ವಿನ್ನರ್ ಅವರ ‘ಬ್ರಿಲಿಯಂಟ್ ಆರೆಂಜ್’ (2000). ‘ಫೀವರ್ ಪಿಚ್’ ವಯಸ್ಕರಿಗೆ, ಮಕ್ಕಳಿಗೆ ಕೊಡುವ ಮುನ್ನ ನೀವು ಓದಿ.

ಹಣ ಮಿತವಾಗಿದ್ದರೆ ಕಪಾಡಿಯಾ ಮತ್ತು ವಿಲ್ಸನ್ ಇಬ್ಬರ ಪುಸ್ತಕಗಳನ್ನು ಕೊಳ್ಳಿ. ಗೋಲ್ಡ್‌ಬ್ಲಾಟ್‌ನಂಥ ದಪ್ಪ ಪುಸ್ತಕವನ್ನು ಗ್ರಂಥಾಲಯದಲ್ಲಿ ವಿಚಾರಿಸಿ. ಕೊಯಮತ್ತೂರಿನ ಕೊಡಿಸಿಯಾ ಆವರಣದ ಪುಸ್ತಕ ಮೇಳಕ್ಕೆ ಹೋಗುವಾಗ ಲೇಖಕರ ಹೆಸರು ಬರೆದುಕೊಂಡು ಹೋಗಿ. ಕ್ರೀಡೆಯ ಪುಸ್ತಕಗಳು ಬೇರೆ ಬೇರೆ ಕಪಾಟಿನಲ್ಲಿ ಚದುರಿರುವುದರಿಂದ ಕೇಳಿಯೇ ಹುಡುಕಬೇಕು.