ಮುದ್ದೆ-ಬಸ್ಸಾರಿನ ಮಿತವ್ಯಯ

ಹಳಗನ್ನಡದಲ್ಲಿ ಬಾಣಸವೆಂದರೆ ಅಡುಗೆ. ಬಾಣಸವಾಡಿಯ ಹೆಸರಿಗೆ ಅದೇ ಮೂಲವೆಂದು ಹಠ ಹಿಡಿಯಬೇಕಿಲ್ಲ. ಆದರೆ ಹೊಲಗಳೆಲ್ಲ ಬಡಾವಣೆಗಳಾಗಿರುವ ಆ ಊರಿನ ಸಂಸಾರಗಳಿಗೆ, ಬೆಲೆಯೇರಿಕೆಯ ಈ ದಿನಗಳಲ್ಲಿ, ಆ ಸೀಮೆಯ ಮುದ್ದೆ-ಬಸ್ಸಾರಿಗಿಂತ ಹಿತವಾದ ಊಟವಿಲ್ಲ. ಕಾಳನ್ನೂ ಸೊಪ್ಪನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ ಬಸಿದರೆ ಕಟ್ಟು ಸಾರಾಗುತ್ತದೆ. ಉಳಿದುದು ಒಗ್ಗರಣೆಗೊಂಡು ಪಲ್ಯವಾಗುತ್ತದೆ. ಒಂದೇ ಉರಿಯಲ್ಲಿ ಎರಡು ವ್ಯಂಜನ. ಸೊಪ್ಪಿನ ಸತ್ತ್ವ ಬಚ್ಚಲಿಗೆ ಹರಿಯುವುದಿಲ್ಲ.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದ್ದರೆ ಬಿಳಿಯ ಅಕ್ಕಿಯಲ್ಲಿ 10ರ ಆಸುಪಾಸು ಮಾತ್ರ. ರಾಗಿ ಮಳೆಯ ನೀರಿನಲ್ಲೇ ಬೆಳೆಯುತ್ತದೆ, ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ನಿಲ್ಲುತ್ತದೆ. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ರಾಗಿಯು ಭತ್ತವನ್ನು ಗೆದ್ದುದೂ ಈ ತಾಳಿಕೆಯಿಂದಲೇ. ಬಣ್ಣದ ಪೊಟ್ಟಣದ ರಾಗಿ ಬಿಸ್ಕತ್ತು ಕೊಳ್ಳುವವರಿಗಿಂತ ಕಾಳುರಾಗಿ ತಂದು ಗಿರಣಿಯಲ್ಲಿ ಹಿಟ್ಟು ಮಾಡಿಸುವವರೇ ಜಾಣರು. ಮುದ್ದೆ ನುಂಗಲು ಬಾರದ ಮಕ್ಕಳಿಗೆ ಅದೇ ಹಿಟ್ಟಿನ ರೊಟ್ಟಿಯೋ ಅಂಬಲಿಯೋ ಆದೀತು.