ಕೆರೆ ಅಂಗಳದಲ್ಲಿ ಆಟದ ಬಯಲು

ಅಕ್ಕ ತಂಗಿಯರೇ, ನಮ್ಮ ಕೊಂಡಜ್ಜಿಗೆ ಕೆರೆ ಇದೆ. ಗುಡ್ಡದ ಮೇಲೆ ಬಿದ್ದ ಮಳೆ ನೀರು ಇಳಿದು ಅಲ್ಲಿ ನಿಲ್ಲುತ್ತದೆ. ಆ ಕೆರೆಯೇ ಇಲ್ಲದಂತಾಗಿ, ಅಲ್ಲೊಂದು ದೊಡ್ಡ ಕಟ್ಟಡ ಎದ್ದರೆ ಹೇಗಿರುತ್ತೆ? ಬೆಂಗಳೂರಿನಲ್ಲಿ ಹಾಗೇ ಆಯ್ತು.

ಬೆಂಗಳೂರಿನ ಕಬ್ಬನ್ ಪಾರ್ಕ್ ಹತ್ತಿರ ಶ್ರೀ ಕಂಠೀರವ ಕ್ರೀಡಾಂಗಣ ಇದೆ. ಅಲ್ಲಿ ಕಾಲ್ಚೆಂಡು ಆಡುತ್ತಾರೆ. ಕಾಲ್ಚೆಂಡು ಅಂದರೆ ಫುಟ್‌ಬಾಲ್. ಟಿ.ವಿ.ಯಲ್ಲಿ ನೀವೂ ನೋಡಿರಬಹುದು. ಆ ಜಾಗದಲ್ಲಿ ಮೊದಲು ಇದ್ದದ್ದು ಸಂಪಂಗಿ ಕೆರೆ.

ಆ ಕೆರೆ ನೀರನ್ನು ಜನ ಕುಡಿಯುತ್ತಿದ್ದರು. ಸುತ್ತಮುತ್ತ ತಿಗಳರು ತೋಟ ಮಾಡಿ ಸೊಪ್ಪು, ತರಕಾರಿ ಬೆಳೆಯುತ್ತಿದ್ದರು. 1890ರ ದಶಕದಲ್ಲಿ ಹೆಸರಘಟ್ಟ ಕೆರೆಯಿಂದ ಕೊಳವೆಯಲ್ಲಿ ನೀರು ಬಂತು. ಮನೆಗೆ ನಲ್ಲಿ ಬಂದ ಮೇಲೆ ಊರಿನವರಿಗೆ ಕೆರೆ ಯಾಕೆ ಬೇಕು? ತೋಟದವರಿಗೆ ಮಾತ್ರ ಬೇಕೇ ಬೇಕಿತ್ತು. ಆದರೂ ಕೆರೆ ಬತ್ತುತ್ತಾ ಹೋಯ್ತು. ಒಣಗಿದ ಅಂಗಳದಲ್ಲಿ ಕುದುರೆ ಮೇಲೆ ಕೂತು ಪೋಲೊ ಆಡಿದರು. ಆಮೇಲೆ ಕ್ರೀಡಾಂಗಣ ಬಂತು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಅದನ್ನು ಹೊಸದಾಗಿ ಕಟ್ಟಿದರು.

ಅದು ಹೇಗಿದೆ ನೋಡೋಣ. ನಡುವೆ ಹುಲ್ಲಿನ ಬಯಲು. ಉದ್ದ ಸುಮಾರು 105 ಮೀಟರ್, ಅಗಲ 68 ಮೀಟರ್. ನಾವು ಉಡುವ ಸೀರೆಗಳನ್ನು ಒಂದರ ತುದಿಗೆ ಒಂದು ಹಾಸಿದರೆ, ಉದ್ದಕ್ಕೆ 19 ಸೀರೆ ಬೇಕು! ಹೊಲದ ಲೆಕ್ಕದಲ್ಲಿ ಅದು ಒಂದು ಮುಕ್ಕಾಲು ಎಕರೆ. ಹುಲ್ಲಿನ ಸುತ್ತ ಓಡುವವರಿಗೆ ದಾರಿ ಇದೆ. ಒಂದು ಸುತ್ತು 400 ಮೀಟರ್. ಈ ದಾರಿ ನಡುವೆ ಇರೋದರಿಂದ ನೋಡುವವರು ಚೆಂಡಿನಿಂದ ಸ್ವಲ್ಪ ದೂರವೇ ಕೂರಬೇಕು.

ಜಾತ್ರೆಯಲ್ಲಿ ತೇರು ಕಾಣಲಿ ಅಂತ ಮಗುವನ್ನು ಹೆಗಲ ಮೇಲೆ ಕೂರಿಸಿಕೊಳ್ತೀವಲ್ಲ? ಆ ಕೆಲಸವನ್ನು ಇಲ್ಲಿ ಮೆಟ್ಟಿಲು ಮಾಡುತ್ತದೆ. ಹಿಂದಿನ ಸಾಲು ಮುಂದಿನ ಸಾಲಿಗಿಂತ ಎತ್ತರ. ಸುಮಾರು 25 ಸಾವಿರ ಜನ ಕೂರಬಹುದು. 2023ರ ಜೂನ್ 21ರಂದು ಭಾರತ ಇಲ್ಲಿ ಪಾಕಿಸ್ತಾನವನ್ನು 4-0 ಗೋಲುಗಳಿಂದ ಸೋಲಿಸಿತು. ಅದರಲ್ಲಿ ಮೂರು ಗೋಲು ಸುನಿಲ್ ಛೆಟ್ರಿ ಅವರದು.

ಕೆರೆ ಪೂರ್ತಿ ಹೋಯಿತೇ? ಇಲ್ಲ. ಪಕ್ಕದಲ್ಲೇ ಒಂದು ಪುಟ್ಟ ಕೊಳ ಉಳಿದಿದೆ. ಬೆಂಗಳೂರು ಕರಗದ ಪೂಜೆ ಅಲ್ಲಿ ನಡೆಯುತ್ತದೆ. ಕರಗ ನಡೆಸುವವರು ಅದೇ ತಿಗಳರು. ಕುಡಿಯುವ ನೀರಿಗೆ ಮಾತ್ರ ಬೆಂಗಳೂರು ಈಗ ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ನಂಬಿದೆ.

ಮಾಡಿ ನೋಡಿ:
2000 ಮೀಟರ್ ಓಡಲು ಎಷ್ಟು ಸುತ್ತು ಬೇಕು?
ನಿಮ್ಮ ತವರೂರಿನಲ್ಲಿ ಮುಚ್ಚಿಹೋದ ಕೆರೆ, ಕಟ್ಟೆ, ಬಾವಿ ಯಾವುವು? ಹಿರಿಯರನ್ನು ಕೇಳಿ ಹೆಸರು ಬರೆಯಿರಿ.