ಕಬ್ಬಿನ ಗದ್ದೆಯ ಬಂಗಾರದ ಕೋತಿ

ಅಕ್ಕಂದಿರೇ, ಕೆಂಪು ಮೂತಿಯ ಕೋತಿ ಬೇರೆ, ಕಪ್ಪು ಮೂತಿಯ ಮುಸುವ ಬೇರೆ. ನೋಡಿದ ಕೂಡಲೇ ನೀವು ಹೇಳ್ತೀರಿ. ಹೀಗೆ ಗುರುತು ನೋಡಿ, ಬೇರೆ ಮಾಡಿ, ಹೆಸರಿಡುವುದಕ್ಕೆ ವರ್ಗೀಕರಣ ಅಂತಾರೆ. ಪದ ದೊಡ್ಡದು. ಕೆಲಸ ನೀವು ದಿನಾ ಮಾಡುವುದೇ.

ಕಡಲಾಚೆ ಬಹು ದೂರದಲ್ಲಿ ಬ್ರೆಜಿಲ್ ದೇಶ ಇದೆ. ಅಲ್ಲಿ ಕಪುಚಿನ್ ಎಂಬ ಕೋತಿಗಳಿವೆ. ಕಪುಚಿನ್ ಅಂದರೆ ಕುಲಾವಿಯಂಥ ಟೋಪಿ ಹಾಕುವ ಕ್ರೈಸ್ತ ಸನ್ಯಾಸಿಗಳು. ಕೋತಿಯ ತಲೆಗೂದಲೂ ಹಾಗೇ ಕಾಣುತ್ತೆ. ಅದಕ್ಕೇ ಈ ಹೆಸರು.

ಕಪುಚಿನ್‌ಗಳಲ್ಲಿ ಹಲವು ಬಗೆ. ಒಂದು ಬಗೆಗೆ ಮೈಯೆಲ್ಲ ಬಂಗಾರದ ಬಣ್ಣ, ಹಣೆ ಮೇಲೆ ಬಿಳುಪು. 1648ರಲ್ಲಿ ಅಚ್ಚಾದ ಮಾರ್ಕ್‌ಗ್ರಾಫ್ ಎಂಬ ವಿದ್ವಾಂಸರ ಪುಸ್ತಕದಲ್ಲಿ ಇದರ ಮಾತು ಬಂದಿದೆ. 1774ರಲ್ಲಿ ಶ್ರೇಬರ್ ಎಂಬುವರು ಚಿತ್ರ ಅಚ್ಚು ಹಾಕಿಸಿ, ಹಳದಿ ಎಂಬ ಅರ್ಥದ ಹೆಸರಿಟ್ಟರು. ಆಮೇಲೆ ಚಿತ್ರ ಉಳಿಯಿತು, ಕೋತಿ ಯಾವುದೆಂದು ಓದಿದವರಿಗೇ ತಿಳಿಯಲಿಲ್ಲ. ಹೆಸರು ಮೂಲೆಗೆ ಬಿತ್ತು.

ಕೋತಿ ಮಾತ್ರ ಎಲ್ಲೂ ಹೋಗಿರಲಿಲ್ಲ! ಅಲ್ಲಿನ ಜನ ಅದನ್ನು ‘ಗಲೇಗು’ ಅಂತಾರೆ. ಹೊಂಬಣ್ಣದ ಕೂದಲಿನವರನ್ನು ಕರೆಯುವ ಮಾತು ಅದು.

2006ರಲ್ಲಿ ಬ್ರೆಜಿಲ್‌ನ ವಿದ್ವಾಂಸರು ಕೋತಿಯನ್ನು ಕಂಡು, ಹಳೇ ಚಿತ್ರದ್ದು ಇದೇ ಎಂದು ತೋರಿಸಿದರು. ಅದೇ ವರ್ಷ ಇನ್ನೊಂದು ತಂಡ, ಇದು ಹೊಸದು ಎಂದು ಬೇರೆ ಹೆಸರಿಟ್ಟಿತು. ಒಂದೇ ಕೂಸಿಗೆ ಎರಡು ನಾಮಕರಣ! ಕೊನೆಗೆ ಹಳೇ ಹೆಸರೇ ನಿಂತಿತು. 2012ರಲ್ಲಿ ಗಟ್ಟಿ ದವಡೆಯ ಕಪುಚಿನ್‌ಗಳನ್ನೆಲ್ಲ ‘ಸಪಾಜಸ್’ ಎಂಬ ಬೇರೆ ಮನೆತನಕ್ಕೆ ಸೇರಿಸಿದರು. ಇದೂ ಅದಕ್ಕೇ ಸೇರಿತು.

ಈ ಕೋತಿ ಇರುವುದು ಬ್ರೆಜಿಲ್‌ನ ಈಶಾನ್ಯ ಮೂಲೆಯಲ್ಲಿ ಮಾತ್ರ. ಪರೈಬಾ, ಪೆರ್ನಾಂಬುಕೊ, ಅಲಗೋವಾಸ್ ಅಲ್ಲಿನ ರಾಜ್ಯಗಳು. ಹಿಂದೆ ಅಲ್ಲಿ ಕಡಲ ಉದ್ದಕ್ಕೂ ದಟ್ಟ ಕಾಡಿತ್ತು. ನಮ್ಮ ಗೋವಾಕ್ಕೆ ಬಂದ ಪೋರ್ಚುಗೀಸರೇ ಅಲ್ಲಿಗೂ ಹೋದರು. ಕಾಡು ಕಡಿದು ಕಬ್ಬು ಹಾಕಿದರು. ಈಗ ಕಬ್ಬಿನ ನಡುವೆ ತುಂಡು ತುಂಡು ಕಾಡು ಉಳಿದಿದೆ. ಕೋತಿಗಳು ಗದ್ದೆಗೆ ಇಳಿದು ಕಬ್ಬು ಮುರಿದು ತಿನ್ನುತ್ತವೆ. ಒಂದು ತುಂಡಿನ ಗುಂಪಿಗೆ ಇನ್ನೊಂದು ತುಂಡಿನ ಗುಂಪು ಸಿಗುವುದು ಕಷ್ಟ. ಹೊರಗಿನ ಸಂಬಂಧ ತಪ್ಪಿ, ಒಳಗೊಳಗೇ ಮರಿ ಹುಟ್ಟಿದರೆ ಸಂತತಿ ಬಡವಾಗುತ್ತೆ.

ಹೆಸರೇ ಇಲ್ಲದಾಗ ಇವು ಯಾರ ಲೆಕ್ಕಕ್ಕೂ ಬರಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ರೇಷನ್ ಸಿಗದು, ನಮಗೆ ಗೊತ್ತಿಲ್ಲವೇ? ಹೆಸರು ಸಿಕ್ಕ ಮೇಲೆ, 2008ರಲ್ಲಿ, ಅಳಿವಿನ ಅಂಚಿನ ಪ್ರಾಣಿಗಳ ಜಾಗತಿಕ ಪಟ್ಟಿಗೆ ಈ ಕೋತಿ ಸೇರಿತು.

ಬರೆಯಿರಿ: ನಿಮ್ಮ ಊರಿನ ಸುತ್ತ ಎಷ್ಟು ಬಗೆಯ ಕೋತಿ ಇವೆ? ಅವನ್ನು ನೀವು ಏನೆಂದು ಕರೆಯುತ್ತೀರಿ?